ಮೋಡಿ ಅಂಕಿಗಳ ಡಿಜಿಟಲ್ ಸಂಕೇತೀಕರಣ: ಶ್ರೀರಂಗಪಟ್ಟಣ ಸೀಮೆಯ ಲೆಕ್ಕಪತ್ರಗಳ ಹಿನ್ನೆಲೆಯಲ್ಲಿ

ಮರಾಠಿಯನ್ನು ಲೇಖನಿ ಎತ್ತದೆ ಓಟದಲ್ಲಿ ಬರೆಯಲು ಬಳಕೆಯಲ್ಲಿದ್ದ ಮೋಡಿ ಲಿಪಿಗೆ ಸೊನ್ನೆಯಿಂದ ಒಂಬತ್ತರವರೆಗೆ ತನ್ನದೇ ಆದ ಹತ್ತು ಅಂಕಿಗಳಿವೆ. 2014ರ ಜೂನ್ ತಿಂಗಳಲ್ಲಿ ಹೊರಬಂದ ಯುನಿಕೋಡ್ 7.0 ಆವೃತ್ತಿಯಲ್ಲಿ ಈ ಲಿಪಿಯ 79 ಚಿಹ್ನೆಗಳಿಗೆ ಸಂಕೇತ ಸಂಖ್ಯೆಗಳು ದೊರೆತವು. ಅವುಗಳಲ್ಲಿ ಅಂಕಿಗಳದು ಹದಿನಾರರ ಎಣಿಕೆಯಲ್ಲಿ 11650ರಿಂದ 11659. ನಮ್ಮ ರೂಢಿಯ ಹತ್ತರ ಎಣಿಕೆಗೆ ತಂದರೆ 71248ರಿಂದ 71257. ಕನ್ನಡದಲ್ಲಿ ಕೂಡಕ್ಷರದ ಓಟದ ಬರಹಕ್ಕೂ ಹಳಬರು ಮೋಡಿ ಅಕ್ಷರ ಎನ್ನುವುದುಂಟು. ಈ ಲೇಖನದ ವಿಷಯ ಮರಾಠಿಯ ಮೋಡಿ.

ಮರಾಠಿ ಲಿಪಿಯ ಅಂಕಿಗಳನ್ನು ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳ ಜೊತೆ ಸೇರಿಸಿ ನೋಡಲು ಕಾರಣವಿದೆ. ಈ ನಾಲ್ಕು ತಾಲ್ಲೂಕುಗಳ ಚರಿತ್ರೆಗೆ ಸಂಬಂಧಿಸಿದ ಕಾಗದಗಳಲ್ಲಿ ಕನ್ನಡ, ನಂದಿನಾಗರಿ, ಮೋಡಿ, ಪಾರಸಿ ಎಂಬ ನಾಲ್ಕು ಬರಹಗಳ ಲೆಕ್ಕ ಒಂದರ ಪಕ್ಕ ಒಂದು ಸಿಗುತ್ತದೆ. ಯುನಿಕೋಡ್ ಈ ನಾಲ್ಕರ ಅಂಕಿಗಳನ್ನೂ ಒಂದೇ ಸೂತ್ರದಿಂದ ಅಳೆದಿಲ್ಲ. ಕನ್ನಡದ್ದಕ್ಕೆ ಮೊದಲ ದಿನದಿಂದಲೇ ಜಾಗ ಕೊಟ್ಟಿತು, ನಂದಿನಾಗರಿಗೆ ಕನ್ನಡದ ಅಂಕಿಗಳನ್ನೇ ಬಳಸಿಕೊಳ್ಳಲು ಬಿಟ್ಟಿತು, ಮೋಡಿಗೆ ಬೇರೆಯೇ ಸಾಲು ಕಟ್ಟಿತು, ಪಾರಸಿ ಲೆಕ್ಕಿಗರ ಸಿಯಾಕ್ ಬರಹಕ್ಕೆ ಒಂದು ಇಡೀ ವಿಭಾಗವನ್ನೇ ತೆರೆಯಿತು. ಕಣ್ಣಿಗೆ ಒಂದೇ ಥರ ಕಾಣುವ ಎರಡು ಅಂಕಿಗಳು ಒಂದೇ ಅಂಕಿಯೋ ಬೇರೆಯೋ ಎಂಬುದನ್ನು ಗಣಿತ ಹೇಳುವುದಿಲ್ಲ. ಅದನ್ನು ಬರೆದ ಲೆಕ್ಕಿಗರ ಪರಂಪರೆ ಹೇಳುತ್ತದೆ. ಸಂಕೇತೀಕರಣದ ತೀರ್ಮಾನಗಳೆಲ್ಲ ಕೊನೆಗೆ ಇದರ ಮೇಲೆಯೇ ನಿಂತಿವೆ.

ಸೀಮೆ ಮತ್ತು ಅದರ ಲೆಕ್ಕಗಳು

1977ರಲ್ಲಿ ಮೈಸೂರು ವಿಶ್ವವಿದ್ಯಾಲಯ ಹೊರತಂದ ಎಪಿಗ್ರಾಫಿಯ ಕರ್ನಾಟಿಕದ ಪರಿಷ್ಕೃತ ಆರನೆಯ ಸಂಪುಟ ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ ತಾಲ್ಲೂಕುಗಳ ಶಾಸನಗಳದು. ನಾಗಮಂಗಲದ ಶಾಸನಗಳು ಏಳನೆಯ ಸಂಪುಟದಲ್ಲಿವೆ. ಇಲ್ಲಿನ ಶಾಸನಗಳಲ್ಲಿ ವರ್ಷವನ್ನು ಬರೆಯುವ ಕ್ರಮ ಕಾಲಕಾಲಕ್ಕೆ ಬದಲಾಗಿದೆ. ನಾಗಮಂಗಲ ತಾಲ್ಲೂಕಿನ ದೇವರಹಳ್ಳಿಯಲ್ಲಿ ಸಿಕ್ಕ ಗಂಗ ದೊರೆ ಶ್ರೀಪುರುಷನ ತಾಮ್ರಪಟದ ಕಾಲ ಶಕ 698, ಎಂದರೆ ಕ್ರಿ.ಶ. 776. ಅಲ್ಲಿ ವರ್ಷವಿರುವುದು ಸಂಸ್ಕೃತ ಪದಗಳಲ್ಲೇ, ಅಂಕಿಯಲ್ಲಿ ಅಲ್ಲ. ಹೊಯ್ಸಳರ ಹೊತ್ತಿಗೆ ಕಲ್ಲಿನ ಮೇಲೆ ಶಕವರ್ಷವನ್ನು ಅಂಕಿಗಳಲ್ಲಿ ಬರೆಯುವುದು ಸಾಮಾನ್ಯವಾಯಿತು. ವಿಜಯನಗರದ ಅರಸರ ಸಂಸ್ಕೃತ ತಾಮ್ರಪಟಗಳಿಗೆ ಬಂದರೆ ಲಿಪಿ ಬಹುಪಾಲು ನಂದಿನಾಗರಿ.

ಕಲ್ಲು, ತಾಮ್ರದ ಮೇಲಿನ ಅಂಕಿ ಹೆಚ್ಚಾಗಿ ತೇದಿಯ ಅಂಕಿ. ಕೂಡುವ ಕಳೆಯುವ ಅಂಕಿ ಇದ್ದದ್ದು ಶಾನುಭೋಗರ ಕಡತದಲ್ಲಿ. ಹತ್ತಿಬಟ್ಟೆಯ ಉದ್ದ ಪಟ್ಟಿಗೆ ಹುಣಿಸೆಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದ ಕಪ್ಪು ಪುಸ್ತಕವದು. ಬಳಪದಿಂದ ಬರೆಯುತ್ತಿದ್ದರು, ಬೇಕಾದರೆ ಒರೆಸಿ ಮತ್ತೆ ಬರೆಯಬಹುದಿತ್ತು. 19ನೇ ಶತಮಾನದ ಮೊದಲಲ್ಲಿ ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ ಈ ಕಡತವನ್ನು ಕಂಡು ಅದರ ಬಾಳಿಕೆಯನ್ನು ಮೆಚ್ಚಿ ತನ್ನ ಇತಿಹಾಸ ಗ್ರಂಥದಲ್ಲಿ ಬಣ್ಣಿಸಿದ್ದಾನೆ. ಇಂಥ ಬರಹದಲ್ಲಿ ಕೈ ಓಡಬೇಕು, ಅಂಕಿ ತಪ್ಪಬಾರದು. ಓಟದ ಕೈಬರಹದಲ್ಲಿ ಅಕ್ಷರಗಳು ಎಷ್ಟೇ ರೂಪಗೆಟ್ಟರೂ ಅಂಕಿಗಳು ಮಾತ್ರ ಗಟ್ಟಿಯಾಗಿ ನಿಂತಿರುವುದನ್ನು ಕನ್ನಡ ಕಡತಗಳಲ್ಲೂ ಮೋಡಿ ಕಾಗದಗಳಲ್ಲೂ ಕಾಣಬಹುದು. ಅಕ್ಷರ ಓದಲಾರದವರೂ ಮೊತ್ತ ಓದಬೇಕಿತ್ತಲ್ಲ.

ಚಿಕ್ಕದೇವರಾಜ ಒಡೆಯರ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ಶ್ರೀರಂಗಪಟ್ಟಣದಲ್ಲಿ ಅಠಾರಾ ಕಚೇರಿ, ಎಂದರೆ ಹದಿನೆಂಟು ಚಾವಡಿಗಳ ಆಡಳಿತ, ನೆಲೆಗೊಂಡಿತು. ಸುಂಕದ ಚಾವಡಿ, ಬೆಣ್ಣೆ ಚಾವಡಿ, ಹೊಗೆಸೊಪ್ಪಿನ ಚಾವಡಿ ಎಂದು ಒಂದೊಂದಕ್ಕೂ ಬೇರೆ ಬೇರೆ ಲೆಕ್ಕ. ಮರಾಠಿ ಲೆಕ್ಕಿಗರು ಕನ್ನಡ ಸೀಮೆಗೆ ಅದಕ್ಕಿಂತ ಮುಂಚೆಯೇ ಕಾಲಿಟ್ಟಿದ್ದರು. 1638ರಲ್ಲಿ ಬೆಂಗಳೂರು ಬಿಜಾಪುರದವರ ವಶವಾಗಿ ಶಹಾಜಿಯ ಜಹಗೀರಿಗೆ ಸೇರಿದ ಮೇಲೆ ದೇಶಮುಖ, ದೇಶಪಾಂಡೆ ಹುದ್ದೆಗಳು ಸಿರಾ, ಕೋಲಾರಗಳ ಕಡೆ ಬೇರೂರಿದವು. ಹೈದರಾಲಿಯ ಕಾಲದಲ್ಲಿ ಮೈಸೂರಿನ ಕಂದಾಯದ ಲೆಕ್ಕಗಳು ಕನ್ನಡದಲ್ಲೂ ಮರಾಠಿಯಲ್ಲೂ ನಡೆಯುತ್ತಿದ್ದವು. ಟಿಪ್ಪು ಪಾರಸಿಯನ್ನು ತಂದ. ಆತನ ಕೆಳಗೂ 1799ರ ನಂತರ ದಿವಾನನಾಗಿಯೂ ಲೆಕ್ಕ ನೋಡಿಕೊಂಡ ಪೂರ್ಣಯ್ಯ ತನ್ನ ಬದುಕು ಶುರುಮಾಡಿದ್ದು ವರ್ತಕರ ಮನೆಯ ಲೆಕ್ಕ ಬರೆಯುವವನಾಗಿ. ಆತ ತೀರಿಕೊಂಡದ್ದು 1812ರಲ್ಲಿ, ಶ್ರೀರಂಗಪಟ್ಟಣದಲ್ಲೇ. 19ನೇ ಶತಮಾನದ ನಡುಗಾಲದವರೆಗೂ ಮೈಸೂರಿನ ಸರ್ಕಾರಿ ಕಚೇರಿಗಳಲ್ಲಿ ಕನ್ನಡದ ಜೊತೆ ಮರಾಠಿಯ ಓಡಾಟವಿತ್ತು. ಮರಾಠಿ ಎಂದರೆ ಕಚೇರಿಯ ಮಟ್ಟಿಗೆ ಮೋಡಿ ಎಂದೇ ಅರ್ಥ.

ಮೋಡಿ ಕಾಗದಗಳ ಇನ್ನೊಂದು ದೊಡ್ಡ ರಾಶಿ ಹುಟ್ಟಿದ್ದು ಯುದ್ಧಗಳಿಂದ. 1771ರ ಮಾರ್ಚ್‌ನಲ್ಲಿ ಪಾಂಡವಪುರ ತಾಲ್ಲೂಕಿನ ಚಿನಕುರಳಿಯ ಬಳಿ ತ್ರಿಂಬಕರಾವ್ ಪೇಠೆಯ ಮರಾಠಾ ಸೈನ್ಯ ಹೈದರನನ್ನು ಸೋಲಿಸಿತು. ತೊಣ್ಣೂರು ಕೆರೆಗೆ ಮೋತಿ ತಲಾಬ್ ಎಂಬ ಹೆಸರೂ ಇದ್ದುದರಿಂದ ಮರಾಠಿ ಬರಹಗಳಲ್ಲಿ ಅದು ಮೋತಿ ತಲಾವಿನ ಕಾಳಗ. ಮೇಲುಕೋಟೆ ಆಗ ಲೂಟಿಯಾಯಿತು. 1792ರಲ್ಲಿ ಪರಶುರಾಮ ಭಾವುವಿನ ದಂಡು ನಾಗಮಂಗಲವನ್ನು ಹಾಳುಗೆಡವಿತು. ಅದೇ ವರ್ಷದ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಯನ್ನೂ ಕೊಡಬೇಕಾಯಿತು. ಪೇಶ್ವೆಯ ಪರವಾಗಿ ಅಲ್ಲಿದ್ದವನು ಹರಿಪಂತ ಫಡಕೆ. ಕಂತು, ಪಾಲು, ದಂಡಿನ ಖರ್ಚು, ಹುಲ್ಲು ಹುರುಳಿಯ ಬಾಬತ್ತು ಎಲ್ಲ ಲೆಕ್ಕವೂ ಪುಣೆಯ ಕಡೆಗೆ ಹೊರಟದ್ದು ಮೋಡಿಯಲ್ಲಿ. ಇಲ್ಲಿನವರ ಪಾಲಿಗೆ ಆ ಅಂಕಿಗಳು ಬರೀ ಲಿಪಿಶಾಸ್ತ್ರದ ವಿಷಯವಾಗಿರಲಿಲ್ಲ ಎಂಬುದನ್ನು ನೆನಪಿಡಬೇಕು.

ಮೋಡಿ ಅಂಕಿಗೆ ಪ್ರತ್ಯೇಕ ಸಂಖ್ಯೆ

ಮೋಡಿಯನ್ನು ರೂಪಿಸಿದವನು ದೇವಗಿರಿಯ ಸೇವುಣ ಅರಸರ ಮಂತ್ರಿ ಹೇಮಾದ್ರಿ ಎಂಬುದು 13ನೇ ಶತಮಾನಕ್ಕೆ ಕೊಂಡೊಯ್ಯುವ ಸಂಪ್ರದಾಯದ ಮಾತು. ಬರೆಯುವವರು ಮೊದಲು ಹಾಳೆಯುದ್ದಕ್ಕೂ ತಲೆಗೆರೆ ಎಳೆದು, ಆಮೇಲೆ ಪದಗಳ ನಡುವೆ ಎಡೆ ಬಿಡದೆ ಅಕ್ಷರಗಳನ್ನು ನೇತುಹಾಕುತ್ತಾ ಹೋಗುತ್ತಿದ್ದರು. ಹ್ರಸ್ವ ದೀರ್ಘಗಳ ಗೊಡವೆ ಕಡಿಮೆ. ಶಿವಾಜಿಯ ಕಾಲ, ಪೇಶ್ವೆಗಳ ಕಾಲ, ಇಂಗ್ಲಿಷರ ಕಾಲ ಎಂದು ಅದರ ಶೈಲಿಗಳನ್ನು ವಿಂಗಡಿಸುತ್ತಾರೆ. ಸೆರಾಂಪುರದಲ್ಲಿ ವಿಲಿಯಂ ಕೇರಿ 1810ರಲ್ಲಿ ಮರಾಠಿ ನಿಘಂಟನ್ನು ಮೋಡಿ ಅಚ್ಚಿನಲ್ಲೇ ಮುದ್ರಿಸಿದ. ಮುಂದೆ ಮುದ್ರಣವೆಲ್ಲ ಬಾಳಬೋಧ, ಎಂದರೆ ದೇವನಾಗರಿಯ ಪಾಲಾಯಿತು. ಕೈಬರಹದಲ್ಲಿ ಮೋಡಿ 20ನೇ ಶತಮಾನದ ನಡುವಿನವರೆಗೆ ಉಳಿದುಕೊಂಡು ಆಮೇಲೆ ಹಿಂದೆ ಸರಿಯಿತು.

ಯುನಿಕೋಡಿಗೆ ಮೋಡಿಯನ್ನು ಸೇರಿಸುವ ಪ್ರಸ್ತಾವವನ್ನು ಬರೆದವರು ಅಂಶುಮಾನ್ ಪಾಂಡೆ. ಅದು ಅಂತಿಮ ರೂಪಕ್ಕೆ ಬಂದದ್ದು 2011ರಲ್ಲಿ. ಅದಕ್ಕೆ ಮುನ್ನ ಕಂಪ್ಯೂಟರಿನಲ್ಲಿ ಮೋಡಿ ಬೇಕೆಂದವರು ಹಿಡಿದ ದಾರಿ, ದೇವನಾಗರಿಯ ಸಂಕೇತಗಳ ಮೇಲೆ ಮೋಡಿಯ ರೂಪಗಳನ್ನು ಕೂರಿಸಿದ ಫಾಂಟು. ಆ ಫಾಂಟಿಲ್ಲದ ಯಂತ್ರದಲ್ಲಿ ಅದೇ ಕಡತ ದೇವನಾಗರಿಯಾಗಿ ತೆರೆದುಕೊಳ್ಳುತ್ತದೆ, ಮೂಲ ಯಾವ ಲಿಪಿಯಲ್ಲಿತ್ತು ಎಂಬುದರ ಸುಳಿವೂ ಉಳಿಯುವುದಿಲ್ಲ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪು ಮಾಡಿದ ಕನ್ನಡ ಪುಟಗಳು ಫಾಂಟು ತಪ್ಪಿದೊಡನೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳಾಗಿ ಹರಡಿಕೊಂಡಿದ್ದನ್ನು ಕಂಡವರಿಗೆ ಈ ಕಷ್ಟ ಬಿಡಿಸಿ ಹೇಳಬೇಕಿಲ್ಲ.

ಮೋಡಿಯ ಅಂಕಿಗಳು ದೇವನಾಗರಿಯ ಅಂಕಿಗಳಿಗೆ ಹತ್ತಿರದ ನೆಂಟರು. ಕೆಲವನ್ನು ಪಕ್ಕಪಕ್ಕ ಇಟ್ಟರೆ ವ್ಯತ್ಯಾಸ ಕಾಣುವುದು ಕೈಯ ಓಟದಲ್ಲಷ್ಟೇ. ಹಾಗಾದರೆ ದೇವನಾಗರಿಯ ಅಂಕಿಗಳನ್ನೇ ಬಳಸಿ ಎನ್ನಬಹುದಿತ್ತು. ಉತ್ತರದ ಕೈಥಿ ಲಿಪಿಗೆ 2009ರಲ್ಲಿ ಹಾಗೆಯೇ ಆಯಿತು: ಕೈಥಿಗೆ ತನ್ನ ಅಂಕಿಗಳಿಲ್ಲ, ದೇವನಾಗರಿಯವೇ ಗತಿ. ಮೋಡಿಗೆ ಆ ದಾರಿ ಹಿಡಿಯದೆ ಹತ್ತು ಹೊಸ ಸಂಖ್ಯೆಗಳನ್ನು ಕೊಟ್ಟದ್ದು ಸರಿಯೆಂದೇ ಈ ಲೇಖಕನ ಅಭಿಪ್ರಾಯ. ಮರಾಠಿ ಬರೆಯುವವರು ಎರಡು ಲಿಪಿಗಳನ್ನು ಏಕಕಾಲಕ್ಕೆ ಬಳಸುತ್ತಿದ್ದರು. ಶ್ಲೋಕ, ಪುರಾಣ ಬಾಳಬೋಧದಲ್ಲಿ. ಲೆಕ್ಕ, ಕಾಗದ ಮೋಡಿಯಲ್ಲಿ. ಒಂದೇ ಹಾಳೆಯಲ್ಲಿ ಎರಡೂ ಬಂದಾಗ ಅಂಕಿ ಯಾವ ಕೈಯದು ಎಂಬುದು ದಾಖಲೆಯ ಅರ್ಥಕ್ಕೇ ಸೇರಿದ ಮಾತು. ಅಂಕಿಯನ್ನು ಸಾಲವಾಗಿ ತಂದರೆ ಆ ಸಾಕ್ಷ್ಯ ಅಳಿಸಿಹೋಗುತ್ತದೆ.

ನಂದಿನಾಗರಿಯ ತೀರ್ಪು ಇದಕ್ಕೆ ತದ್ವಿರುದ್ಧ, ಆದರೂ ಅದೂ ಸರಿಯೇ. 2019ರ ಮಾರ್ಚ್‌ನಲ್ಲಿ ಯುನಿಕೋಡ್ 12.0 ನಂದಿನಾಗರಿಯನ್ನು ಸೇರಿಸಿಕೊಂಡಾಗ ಅದರ ಅಕ್ಷರಗಳಿಗೆ ಸಂಖ್ಯೆ ಕೊಟ್ಟಿತು, ಅಂಕಿಗಳಿಗೆ ಕೊಡಲಿಲ್ಲ. ಅಕ್ಷರಗಳು ದೇವನಾಗರಿಯ ಸೋದರ ರೂಪಗಳಾದರೂ ಕರ್ನಾಟಕದ ನಂದಿನಾಗರಿ ಓಲೆಗಳಲ್ಲಿ ಹಾಳೆಯ ಸಂಖ್ಯೆ ಬರೆದ ಕೈ ಕನ್ನಡದ ಅಂಕಿಗಳನ್ನು ಬಳಸುತ್ತಿತ್ತು. ಹೀಗಾಗಿ ಯುನಿಕೋಡಿನ ಪಟ್ಟಿಯಲ್ಲಿ ಕನ್ನಡ ಅಂಕಿಗಳ ಮುಂದೆ ಕನ್ನಡದ ಜೊತೆ ನಂದಿನಾಗರಿಯ ಹೆಸರೂ ಇದೆ. 2024ರ ಸೆಪ್ಟೆಂಬರ್‌ನಲ್ಲಿ 16.0 ಆವೃತ್ತಿಯೊಂದಿಗೆ ತುಳು-ತಿಗಳಾರಿ ಬಂದಾಗ ಅದೂ ಈ ಸಾಲಿಗೇ ಸೇರಿತು. ಮೂರು ಲಿಪಿಗಳ ಲೆಕ್ಕವನ್ನು ಹೊತ್ತಿರುವ ಒಂದೇ ಅಂಕಿಮಾಲೆ ನಮ್ಮದು. ಕನ್ನಡದ ಅಭಿಮಾನದ ಭಾಷಣಗಳಲ್ಲಿ ಯಾಕೋ ಇದರ ಪ್ರಸ್ತಾಪ ಬರುವುದಿಲ್ಲ.

ಹದಿನಾರರ ಪಾಲು

ಪೂರ್ಣಾಂಕಗಳ ಕಥೆ ಇಷ್ಟೇ ಆಗಿದ್ದರೆ ವಿಷಯ ಇಲ್ಲಿಗೆ ಮುಗಿಯುತ್ತಿತ್ತು. ಹಳೆಯ ಲೆಕ್ಕದ ಜೀವ ಇರುವುದು ಪಾಲುಗಳಲ್ಲಿ. ಕಂಠೀರವ ನರಸರಾಜ ಒಡೆಯರು (1638–1659) ಶ್ರೀರಂಗಪಟ್ಟಣದಲ್ಲಿ ಟಂಕಿಸಿದ ಕಂಠೀರಾಯ ಹಣ ಅವರ ಕಾಲ ಕಳೆದು ಎಷ್ಟೋ ವರ್ಷಗಳವರೆಗೆ ಮೈಸೂರಿನ ಲೆಕ್ಕದ ಮೂಲಮಾನವಾಗಿತ್ತು. ಹತ್ತು ಹಣಕ್ಕೆ ಒಂದು ವರಹ. ಹಣದ ಅರ್ಧ ಅಡ್ಡ, ಕಾಲು ಹಾಗ, ಅರೆಕಾಲು ಬೇಳೆ, ಹದಿನಾರನೆಯ ಒಂದು ಪಾಲು ವೀಸ. ಮರಾಠಿಯವರಲ್ಲೂ ರೂಪಾಯಿಗೆ ಹದಿನಾರು ಆಣೆ. ನಾಣ್ಯ ಬೇರೆ, ಒಡೆಯುವ ಬಗೆ ಒಂದೇ: ಮೊದಲು ನಾಲ್ಕು, ಆಮೇಲೆ ಆ ನಾಲ್ಕರಲ್ಲಿ ನಾಲ್ಕು. 1800ರಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಫ್ರಾನ್ಸಿಸ್ ಬುಕನನ್ ಅಲ್ಲಿನ ನಾಣ್ಯ, ತೂಕ, ಅಳತೆಗಳ ಕೋಷ್ಟಕಗಳನ್ನು ಬರೆದಿಟ್ಟಿದ್ದಾನೆ. ಕಂಪನಿಯ ಗುಮಾಸ್ತರಿಗೆ ಈ ಒಡೆತ ಎಷ್ಟು ತಲೆನೋವಾಗಿರಬೇಕೆಂದು ಅವುಗಳನ್ನು ನೋಡಿದರೆ ತಿಳಿಯುತ್ತದೆ.

ಬರೆಯುವ ವಿಧಾನವೂ ಹಂಚಿಕೊಂಡದ್ದು. ಪೂರ್ಣಾಂಕದ ಬಲಕ್ಕೆ ನಿಂತ ಗೆರೆ ಒಂದಿದ್ದರೆ ಕಾಲು, ಎರಡಿದ್ದರೆ ಅರೆ, ಮೂರಿದ್ದರೆ ಮುಕ್ಕಾಲು. ಅದರ ಮುಂದೆ ಮಲಗಿದ ಗೆರೆ ಒಂದಿದ್ದರೆ ವೀಸ ಅಥವಾ ಆಣೆ, ಎರಡಕ್ಕೆ ಎರಡು, ಮೂರಕ್ಕೆ ಮೂರು. ಮೂರು ರೂಪಾಯಿ ಆರಾಣೆ ಬರೆಯಬೇಕೆಂದರೆ ೩ ಎಂದು ಬರೆದು ಒಂದು ನಿಂತ ಗೆರೆ, ಎರಡು ಮಲಗಿದ ಗೆರೆ. ಆರು ಗುರುತುಗಳಲ್ಲಿ ಹದಿನೈದು ಪಾಲುಗಳೂ ಸಿಗುತ್ತವೆ, ಕೂಡುವುದೂ ಸಲೀಸು: ಮಲಗಿದ ಗೆರೆ ನಾಲ್ಕಾದರೆ ಒರೆಸಿ ಒಂದನ್ನು ನಿಲ್ಲಿಸು, ನಿಂತದ್ದು ನಾಲ್ಕಾದರೆ ಒಂದು ರೂಪಾಯಿ ಏರಿಸು. ಬಳಪ ಹಿಡಿದು ಕೂತವರಿಗೆ ಇದಕ್ಕಿಂತ ಹದವಾದ ಬರಹ ಹೊಳೆಯುವುದು ಕಷ್ಟ.

ಇವುಗಳ ಸಂಕೇತೀಕರಣ ಮೋಡಿಗಿಂತ ಮೊದಲೇ ಆಯಿತು. ಪಾಂಡೆಯವರೇ 2007ರಲ್ಲಿ ಪ್ರಸ್ತಾವ ಮಂಡಿಸಿದರು; 2009ರಲ್ಲಿ ಯುನಿಕೋಡ್ 5.2 ಹತ್ತು ಚಿಹ್ನೆಗಳನ್ನು ಭಾರತೀಯ ಲಿಪಿಗಳ ಸಾಮಾನ್ಯ ಸಂಖ್ಯಾರೂಪಗಳೆಂದು ಒಂದು ಪುಟ್ಟ ವಿಭಾಗದಲ್ಲಿ ಇರಿಸಿತು. ಹತ್ತರ ಎಣಿಕೆಯಲ್ಲಿ ಅವು 43056ರಿಂದ 43065. ಮೊದಲ ಮೂರು ಕಾಲು, ಅರೆ, ಮುಕ್ಕಾಲು; ಮುಂದಿನ ಮೂರು ಹದಿನಾರನೆಯ ಒಂದು, ಎರಡು, ಮೂರು ಪಾಲುಗಳು; ಉಳಿದ ನಾಲ್ಕು ಕಾಲಿನ ಗುರುತು, ಖಾಲಿ ಸ್ಥಾನದ ಗುರುತು, ರೂಪಾಯಿ ಗುರುತು, ಪರಿಮಾಣದ ಗುರುತು. ಇವನ್ನು ಯಾವ ಒಂದು ಲಿಪಿಗೂ ಕಟ್ಟಿಹಾಕಲಿಲ್ಲ. ದೇವನಾಗರಿ, ಗುಜರಾತಿ, ಗುರುಮುಖಿ, ಕೈಥಿ, ಮೋಡಿ, ನಂದಿನಾಗರಿಗಳ ಜೊತೆ ಕನ್ನಡದ ಹೆಸರೂ ಈ ಪಾಲುಗಳ ಪಟ್ಟಿಯಲ್ಲಿದೆ.

ದ್ರಾವಿಡ ನೆರೆಹೊರೆಯನ್ನು ನೋಡಿದರೆ ಇದು ವಿಶೇಷ. ತೆಲುಗಿಗೆ ನಾಲ್ಕರ ಎಣಿಕೆಯ ತನ್ನದೇ ಪಾಲಂಕಿಗಳು 2008ರಲ್ಲಿ ಸಿಕ್ಕವು. ಮಲಯಾಳಕ್ಕೆ ತನ್ನ ಪಾಲು ಚಿಹ್ನೆಗಳಿವೆ. ತಮಿಳಿನ ಪಾಲು, ಅಳತೆ, ಲೆಕ್ಕದ ಗುರುತುಗಳಿಗೆ 2019ರಲ್ಲಿ ಒಂದು ಪೂರಕ ವಿಭಾಗವೇ ತೆರೆಯಿತು. ಕನ್ನಡ ಮಾತ್ರ ಈ ವಿಷಯದಲ್ಲಿ ಉತ್ತರದ ಲೆಕ್ಕಿಗರ ಜೊತೆ ನಿಂತಿದೆ. ಅಂಕಿ ತೆಲುಗಿಗೆ ಹತ್ತಿರ, ಪಾಲು ಮೋಡಿಗೆ ಹತ್ತಿರ. ಶತಮಾನಗಳ ಕಾಲ ಮರಾಠಿ ಮತ್ತು ಕನ್ನಡ ಗುಮಾಸ್ತರು ಒಂದೇ ಕಚೇರಿಯ ಜಮಖಾನದ ಮೇಲೆ ಕೂತು ಒಬ್ಬರ ಲೆಕ್ಕ ಒಬ್ಬರು ತಾಳೆ ನೋಡಿದ್ದು ಇದಕ್ಕೆ ಒಂದು ಕಾರಣವಿರಬಹುದು.

1957ರ ಏಪ್ರಿಲ್ 1ರಂದು ರೂಪಾಯಿಗೆ ನೂರು ನಯಾ ಪೈಸೆಯಾಗಿ ಆಣೆ ಮಾರುಕಟ್ಟೆಯಿಂದ ಹೊರಟುಹೋಯಿತು. ಜಮೀನಿನಿಂದ ಹೋಗಲಿಲ್ಲ. ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ ಎಂಬ ಲೆಕ್ಕ ಕರ್ನಾಟಕದ ಪಹಣಿಯಲ್ಲಿ ಇವತ್ತಿಗೂ ಇದೆ. ಪಹಣಿಯನ್ನು ಕಂಪ್ಯೂಟರಿಗೆ ಏರಿಸಿದ ಭೂಮಿ ಯೋಜನೆಯ ಮೊದಲ ಪ್ರಯೋಗ ನಡೆದದ್ದು ಇದೇ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ. ಹದಿನಾರರ ಪಾಲು ಅಲ್ಲಿ ಉಳಿಯಿತು. ನಿಂತ ಗೆರೆ, ಮಲಗಿದ ಗೆರೆ ಉಳಿಯಲಿಲ್ಲ. ಆಣೆಯನ್ನು ಈಗ ಹೊಸ ಅಂಕಿಯಲ್ಲಿ 08 ಎಂದೋ 12 ಎಂದೋ ಮೂರನೆಯ ಅಂಕಣದಲ್ಲಿ ಬರೆಯುತ್ತಾರೆ.

ಪಟ್ಟಣದ ನಾಣ್ಯದ ಮೇಲಿನ ಹಿಮ್ಮೊಗದ ವರ್ಷ

ಪಾರಸಿ ಅಂಕಿಗಳ ವಿಷಯದಲ್ಲಿ ಶ್ರೀರಂಗಪಟ್ಟಣ ಒಂದು ಅಪರೂಪದ ಸಮಸ್ಯೆಯನ್ನು ಒಡ್ಡುತ್ತದೆ. ಟಿಪ್ಪು 1787ರಲ್ಲಿ ಮೌಲೂದಿ ಶಕೆಯನ್ನು ಆರಂಭಿಸಿದ. ಅದರ ಮೊದಲ ನಾಣ್ಯಗಳ ವರ್ಷ 1215. ಪಾರಸಿ ಅಕ್ಷರ ಬಲದಿಂದ ಎಡಕ್ಕೆ ಹೋದರೂ ಅಂಕಿಗಳನ್ನು ಎಡದಿಂದ ಬಲಕ್ಕೆ, ದೊಡ್ಡ ಸ್ಥಾನ ಮೊದಲಾಗಿ ಬರೆಯುವುದು ಎಲ್ಲೆಲ್ಲೂ ರೂಢಿ. ಟಿಪ್ಪು ಆ ರೂಢಿಯನ್ನು ಮುರಿದ. ಮೌಲೂದಿ ವರ್ಷದ ಅಂಕಿಗಳನ್ನೂ ಬಲದಿಂದ ಎಡಕ್ಕೆ ಟಂಕಿಸಿದ. ಹಾಗಾಗಿ 1215ನ್ನು ನಾವು ಓದುವ ದಿಕ್ಕಿನಲ್ಲಿ ಓದಿದರೆ 5121 ಎಂದಾಗುತ್ತದೆ.

ಯುನಿಕೋಡಿನಲ್ಲಿ ಅರಬ್ಬಿ ಅಂಕಿಗಳದೊಂದು, ಪಾರಸಿ-ಉರ್ದು ಅಂಕಿಗಳದೊಂದು ಎಂದು ಎರಡು ಸಾಲುಗಳಿವೆ. ಎರಡೂ ಸಾಲಿನ ಅಂಕಿಗಳು ಬಲದಿಂದ ಎಡಕ್ಕೆ ಹೋಗುವ ಬರಹದ ನಡುವೆಯೂ ಎಡದಿಂದ ಬಲಕ್ಕೇ ಮೂಡಬೇಕೆಂಬುದು ನಿಯಮ. ಪಟ್ಟಣದ ಟಂಕಸಾಲೆಯ ನಾಣ್ಯವನ್ನು ಪಟ್ಟಿ ಮಾಡುವವರ ಮುಂದೆ ಎರಡು ದಾರಿ. ಕಣ್ಣಿಗೆ ಕಂಡಂತೆ ಟೈಪು ಮಾಡಿದರೆ ಯಂತ್ರ ಅದನ್ನು ಐದು ಸಾವಿರದ ನೂರ ಇಪ್ಪತ್ತೊಂದೆಂದು ಲೆಕ್ಕಕ್ಕೆ ಹಿಡಿಯುತ್ತದೆ. ಬೆಲೆಯಂತೆ ಟೈಪು ಮಾಡಿದರೆ ತೆರೆಯ ಮೇಲಿನ ರೂಪ ನಾಣ್ಯದಂತಿರುವುದಿಲ್ಲ. ದಿಕ್ಕು ಬದಲಿಸುವ ಅದೃಶ್ಯ ಚಿಹ್ನೆಗಳನ್ನು ಹಾಕಿ ಎರಡನ್ನೂ ಸಾಧಿಸಬಹುದು. ಆದರೆ ನಕಲು ಮಾಡಿ ಬೇರೆಡೆ ಅಂಟಿಸುವಾಗ ಅವು ಕಳಚಿಹೋಗುವುದೇ ಹೆಚ್ಚು. ದೊರೆಯೊಬ್ಬನ ಹಟಕ್ಕೆ ಜಗತ್ತಿನ ನಿಯಮದಲ್ಲಿ ಜಾಗವಿಲ್ಲ.

ಪಾರಸಿ ಲೆಕ್ಕಿಗರ ಸಿಯಾಕ್ ಬರಹ ಬೇರೆಯದೇ ಜಾತಿ. ಅರಬ್ಬಿ ಸಂಖ್ಯಾಪದಗಳು ಸವೆದು ಸವೆದು ಚಿಹ್ನೆಗಳಾದ ಈ ಪದ್ಧತಿ ಮೊಗಲರ ಮತ್ತು ದಖ್ಖನಿನ ದಫ್ತರಗಳಲ್ಲಿ ಬಳಕೆಯಲ್ಲಿತ್ತು. ಸೊನ್ನೆ ಇಲ್ಲ, ಸ್ಥಾನಬೆಲೆ ಇಲ್ಲ. ಹತ್ತು, ನೂರು, ಸಾವಿರ, ಲಕ್ಷ, ಕೋಟಿಗಳಿಗೆ ಬೇರೆ ಬೇರೆ ಚಿಹ್ನೆ. 2018ರಲ್ಲಿ ಯುನಿಕೋಡ್ 11.0 ಭಾರತೀಯ ಸಿಯಾಕಿನ 68 ಚಿಹ್ನೆಗಳನ್ನು ಸೇರಿಸಿಕೊಂಡಿತು.

ಯಂತ್ರದ ಒಳಗೆ

1991ರ ಭಾರತೀಯ ಮಾನಕ ಇಸ್ಕಿಯಲ್ಲಿ ಎಲ್ಲ ಲಿಪಿಗಳ ಅಂಕಿಗೂ ಒಂದೇ ಸಂಕೇತ. ಕನ್ನಡವೋ ದೇವನಾಗರಿಯೋ ಎಂಬುದನ್ನು ಲಿಪಿ ಬದಲಿಸುವ ಸೂಚನೆ ಹೇಳುತ್ತಿತ್ತು. ಅದರ ನೆರಳು ಯುನಿಕೋಡಿನ ಮೇಲೂ ಬಿದ್ದಿದೆ. ಕನ್ನಡದ ಅಂಕಿಗಳು 3302ರಿಂದ 3311, ದೇವನಾಗರಿಯವು 2406ರಿಂದ 2415: ದೇವನಾಗರಿಯ ಯಾವ ಅಂಕಿಯ ಸಂಕೇತಕ್ಕೂ 896 ಕೂಡಿಸಿದರೆ ಕನ್ನಡದ ಅದೇ ಅಂಕಿ. ಎರಡು ದಶಕಗಳ ನಂತರ ಬಂದ ಮೋಡಿ ಈ ಅಚ್ಚುಕಟ್ಟಿನ ಹೊರಗೆ, ಹೆಚ್ಚುವರಿ ತಲದಲ್ಲಿದೆ. ಹಾಗಾಗಿ ಇಂದಿನ ಸಾಮಾನ್ಯ ಕಡತಗಳಲ್ಲಿ ಹೊಸ ಅಂಕಿಗೆ ಒಂದು ಬೈಟ್, ಕನ್ನಡದ ಅಂಕಿಗೆ ಮೂರು, ಮೋಡಿಯ ಅಂಕಿಗೆ ನಾಲ್ಕು ಬೈಟ್ ಹಿಡಿಯುತ್ತದೆ. ಮೊದಲ ತಲದ ಆಚೆಗಿನ ಸಂಕೇತಗಳನ್ನು ಅರಿಯದ ಹಳೆಯ ತಂತ್ರಾಂಶಗಳಲ್ಲಿ ಮೋಡಿ ಅಂಕಿಯೊಂದು ಎರಡು ತುಂಡಾಗಿ, ಎರಡು ಚೌಕಗಳಾಗಿ ಕಾಣುವುದಕ್ಕೂ ಇದೇ ಕಾರಣ. ಗೂಗಲ್‌ನ ನೋಟೋ ಸಾನ್ಸ್ ಮೋಡಿಯಂಥ ಫಾಂಟುಗಳು ಬಂದ ಮೇಲೆ ಈ ತೊಂದರೆ ಕಡಿಮೆಯಾಗಿದೆ.

ಸಂಕೇತ ಸಂಖ್ಯೆಯ ಜೊತೆ ಪ್ರತಿ ಅಂಕಿಗೂ ಅದರ ಬೆಲೆ ದಾಖಲಾಗಿರುತ್ತದೆ. ಮೋಡಿಯ ಏಳೂ ಕನ್ನಡದ ೭ ಕೂಡ ದಶಮಾನ ಅಂಕಿ, ಬೆಲೆ ಏಳು ಎಂದು ಯಂತ್ರಕ್ಕೆ ಗೊತ್ತು. ಪೈಥಾನ್‌ನಂಥ ಭಾಷೆಯಲ್ಲಿ ಕನ್ನಡ ಅಂಕಿಗಳ ಸಾಲನ್ನು ಕೊಟ್ಟರೆ ನೇರವಾಗಿ ಸಂಖ್ಯೆಯಾಗಿ ಬದಲಾಗುತ್ತದೆ, ಮೋಡಿಯದೂ ಹಾಗೆಯೇ. ಪಾಲಿನ ಚಿಹ್ನೆಗಳಿಗೂ ಕಾಲು, ಹದಿನಾರನೆಯ ಒಂದು ಎಂಬ ಬೆಲೆಗಳು ದಾಖಲಾಗಿವೆ. ಆದರೆ ಅವು ದಶಮಾನ ಅಂಕಿಗಳ ವರ್ಗಕ್ಕೆ ಸೇರಿಲ್ಲದ್ದರಿಂದ ಮೂರು ರೂಪಾಯಿ ಆರಾಣೆಯನ್ನು ಕೂಡಿಸಿ ಕೊಡುವ ಕೆಲಸವನ್ನು ಬಳಸುವವರೇ ಬರೆದುಕೊಳ್ಳಬೇಕು. ಹುಡುಕಾಟದಲ್ಲೂ ತೊಡಕಿದೆ. ಅಕಾರಾದಿ ಜೋಡಣೆಯ ಯುನಿಕೋಡ್ ನಿಯಮದಲ್ಲಿ ಎಲ್ಲ ಲಿಪಿಗಳ ಏಳೂ ಒಂದೇ ಜಾಗದಲ್ಲಿ ಕೂರುತ್ತದೆ. ಸಾದಾ ಹುಡುಕಾಟ ಮಾತ್ರ 7 ಎಂದು ಕೇಳಿದರೆ ೭ನ್ನು ತೋರಿಸುವುದಿಲ್ಲ. ರೂಪ ಬೇರೆಯಾದ ಒಂದೇ ಅಕ್ಷರವನ್ನು ಒಂದುಗೂಡಿಸುವ ಸಮೀಕರಣ ನಿಯಮಗಳೂ ಕನ್ನಡ, ಮೋಡಿ ಅಂಕಿಗಳನ್ನು ಮುಟ್ಟುವುದಿಲ್ಲ. 1792ರ ಕಾಗದಗಳನ್ನು ಹುಡುಕಬೇಕಾದವರು ಆ ವರ್ಷವನ್ನು ಎಲ್ಲ ಲಿಪಿಗಳಲ್ಲೂ ಕೇಳಬೇಕು, ಇಲ್ಲವೇ ಸೂಚಿಯಲ್ಲಿ ಅಂಕಿಗಳನ್ನೆಲ್ಲ ಬೆಲೆಯಾಗಿ ಬದಲಿಸಿಟ್ಟಿರಬೇಕು.

ಕನ್ನಡದಲ್ಲಿ ಇದಕ್ಕಿಂತ ದಿನನಿತ್ಯದ ಕಾಟ ಸೊನ್ನೆಯದು. ಅಂಕಿಯ ಸೊನ್ನೆ ೦, ಅನುಸ್ವಾರದ ಸೊನ್ನೆ ಂ. ಸಂಕೇತ ಸಂಖ್ಯೆಗಳು 3302 ಮತ್ತು 3202. ಕಣ್ಣಿಗೆ ಒಂದೇ ಥರ ಕಾಣುವುದರಿಂದ ಅನುಸ್ವಾರದ ಜಾಗದಲ್ಲಿ ಅಂಕಿ ಟೈಪಾದ ಪುಟಗಳು ಅಂತರ್ಜಾಲದಲ್ಲಿ ಹೇರಳವಾಗಿವೆ. ಹಾಗೆ ಟೈಪಾದ ನಾಗಮ೦ಗಲ ಮನುಷ್ಯರಿಗೆ ನಾಗಮಂಗಲವೇ, ಯಂತ್ರಕ್ಕೆ ಮಾತ್ರ ಐದು ಅಕ್ಷರಗಳ ನಡುವೆ ಸಿಕ್ಕಿಕೊಂಡ ಒಂದು ಸೊನ್ನೆ. ಶ್ರೀರ೦ಗಪಟ್ಟಣಕ್ಕೂ ಪಾ೦ಡವಪುರಕ್ಕೂ ಇದೇ ಪಾಡು, ಕೃಷ್ಣರಾಜಪೇಟೆಯೊಂದು ಬಚಾವಾಗಿದೆ.

ಸಂಪಾದಕರ ಆಯ್ಕೆಗಳು

ಪುಣೆಯ ಪೇಶ್ವೆ ದಫ್ತರದಿಂದ ಗೋವಿಂದ ಸಖಾರಾಮ ಸರದೇಸಾಯಿಯವರು ಆಯ್ದು ಪ್ರಕಟಿಸಿದ 45 ಸಂಪುಟಗಳು (1930–34), ಮರಾಠಾ ಸರದಾರರಾದ ಪಟವರ್ಧನರ ಕಾಗದಗಳಿಂದ ವಾಸುದೇವಶಾಸ್ತ್ರಿ ಖರೆಯವರು ಸಂಪಾದಿಸಿದ ಐತಿಹಾಸಿಕ ಲೇಖ ಸಂಗ್ರಹ ಇವು ಮೈಸೂರು ಯುದ್ಧಗಳ ಚರಿತ್ರೆಗೆ ಮುಖ್ಯ ಆಕರಗಳು. ಮೂಲ ಮೋಡಿ, ಮುದ್ರಣ ಬಾಳಬೋಧ. ಅಂಕಿಗಳೂ ದೇವನಾಗರಿಗೆ ಬದಲಾದವು. ಆ ಕಾಲಕ್ಕೆ ಅದು ಅನಿವಾರ್ಯವಾಗಿತ್ತು, ಓದುಗರಿಗೆ ಉಪಕಾರವೂ ಆಯಿತು. ಕಳೆದುಹೋದದ್ದು ತಾಳೆ ನೋಡುವ ಅವಕಾಶ. ಓಟದ ಕೈಯಲ್ಲಿ ಒಂದು ಅಂಕಿಯನ್ನು ಇನ್ನೊಂದೆಂದು ಓದಿಬಿಟ್ಟಿದ್ದರೆ, ಅಚ್ಚಾದ ಪುಟ ನೋಡಿ ಅದನ್ನು ಕಂಡುಹಿಡಿಯುವಂತಿಲ್ಲ.

ಈಗ ಮೋಡಿ ಕಾಗದವನ್ನು ಗಣಕಕ್ಕೆ ಏರಿಸುವವರ ಮುಂದೆ ಮೂರು ಹಂತಗಳಿವೆ: ಮೋಡಿಯನ್ನು ಮೋಡಿಯಾಗಿಯೇ ಇಡುವುದು, ದೇವನಾಗರಿಗೋ ಕನ್ನಡಕ್ಕೋ ಲಿಪ್ಯಂತರ ಮಾಡುವುದು, ಬೆಲೆಯನ್ನು ಹೊಸ ಅಂಕಿಯಲ್ಲಿ ಪ್ರತ್ಯೇಕ ಅಂಕಣದಲ್ಲಿ ದಾಖಲಿಸುವುದು. ಮೂರನ್ನೂ ಮಾಡಿ ಪಕ್ಕದಲ್ಲಿ ಹಾಳೆಯ ಚಿತ್ರ ಇಡುವುದು ಖರ್ಚಿನ ಕೆಲಸವಾದರೂ ಲೆಕ್ಕಪತ್ರಗಳಿಗೆ ಅದೇ ಸರಿ. ಕಥನದ ಕಾಗದಕ್ಕೆ ಲಿಪ್ಯಂತರ ಸಾಕಾಗಬಹುದು, ಜಮಾಖರ್ಚಿಗೆ ಸಾಲದು.

ಮೋಡಿ ಓದಬಲ್ಲವರ ಅಭಾವ ಸರ್ಕಾರಗಳಿಗೂ ತಟ್ಟಿದೆ. 2023ರ ಸೆಪ್ಟೆಂಬರ್‌ನಲ್ಲಿ ಮಹಾರಾಷ್ಟ್ರ ನೇಮಿಸಿದ ನ್ಯಾಯಮೂರ್ತಿ ಸಂದೀಪ್ ಶಿಂದೆ ಸಮಿತಿ ಕುಣಬಿ ಜಾತಿಯ ದಾಖಲೆಗಳನ್ನು ಹುಡುಕಲು ಹೊರಟಾಗ ಹಳೆಯ ಕಡತಗಳ ದೊಡ್ಡ ಪಾಲು ಮೋಡಿಯಲ್ಲಿದ್ದು ಓದುವವರನ್ನು ಹುಡುಕಬೇಕಾಯಿತು. 1956ರವರೆಗೆ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಬೆಳಗಾವಿ, ಧಾರವಾಡ, ವಿಜಯಪುರಗಳ ಜಮೀನು ಕಾಗದಗಳಲ್ಲೂ ಮೋಡಿ ಇದೆ. ಅಲ್ಲಿ ಅದು ಇಂದಿನ ಹಕ್ಕುದಾರಿಕೆಯ ಪ್ರಶ್ನೆ. ಹಳೆಯ ಮೈಸೂರಿನಲ್ಲಿ ಅಷ್ಟು ಒತ್ತಡವಿಲ್ಲದ್ದರಿಂದಲೇ ಇಲ್ಲಿನ ಮೋಡಿ ಕಾಗದಗಳ ಕಡೆ ಗಮನ ಹರಿದದ್ದು ಕಡಿಮೆ. ಅಂಕಿಗಳ ಮಟ್ಟಿಗೆ ಕೆಲಸ ಶುರುಮಾಡಲು ಲಿಪಿಯನ್ನು ಪೂರ್ತಿ ಕಲಿಯಬೇಕಾಗಿಯೂ ಇಲ್ಲ. ದೇವನಾಗರಿ ಅಂಕಿ ಬಲ್ಲವರು ಸ್ವಲ್ಪ ಅಭ್ಯಾಸದಲ್ಲೇ ಮೋಡಿಯ ಹತ್ತನ್ನೂ ಗುರುತಿಸಬಲ್ಲರು, ಪಾಲಿನ ಗೆರೆಗಳು ಕನ್ನಡ ಕಡತದವೇ. ಮೊತ್ತ ಮತ್ತು ತೇದಿಗಳಷ್ಟನ್ನು ಮೊದಲು ದಾಖಲಿಸಿದರೂ ಒಂದು ಕಟ್ಟಿನಲ್ಲಿ ಯಾವ ವರ್ಷದ, ಯಾವ ಬಾಬತ್ತಿನ ಲೆಕ್ಕವಿದೆಯೆಂದು ತಿಳಿದು ಉಳಿದ ಓದಿಗೆ ಸರದಿ ಗೊತ್ತುಮಾಡಬಹುದು.